ಕರ್ನಲ್ ಕಂಪೈಲ್ ಮಾಡೋವಾಗ ಫೈಲ್‌ಸಿಸ್ಟಮ್: ಯಾವುದಕ್ಕೆ ಸ್ಟಾರ್, ಯಾವುದಕ್ಕೆ ಎಂ

ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) ನೀವೇ ಕಂಪೈಲ್ ಮಾಡೋವಾಗ ಯಾವ ಫೈಲ್‌ಸಿಸ್ಟಮ್ (ಡಿಸ್ಕಲ್ಲಿ ಫೈಲ್‌ಗಳನ್ನ ಜೋಡಿಸಿಡೋ ವಿಧಾನ) ಕರ್ನಲ್ ಒಳಗೇ ಇರ್ಬೇಕು, ಯಾವುದು ಹೊರಗಿದ್ರೆ ಸಾಕು ಅಂತ ಆರಿಸ್ಬೇಕಾಗುತ್ತೆ. ಮೊದ್ಲು ನಿಮ್ ಡಿಸ್ಕಲ್ಲಿ ಏನಿದೆ ನೋಡ್ಕೊಳ್ಳಿ. ಡಿಎಫ್ ಕಮಾಂಡ್‌ಗೆ ಹೈಫನ್ ಕ್ಯಾಪಿಟಲ್ ಟಿ ಹಾಕಿ ಹೊಡೆದ್ರೆ ಯಾವ ಪಾರ್ಟಿಷನ್ ಎಕ್ಸ್ಟ್4, ಯಾವುದು ಬಿಟಿಆರ್‌ಎಫ್‌ಎಸ್, ಯಾವುದು ವಿಫ್ಯಾಟ್ ಅಂತ ಗೊತ್ತಾಗುತ್ತೆ. ಆಮೇಲೆ ಬೂಟ್ ಫೋಲ್ಡರಲ್ಲಿ ಈಗ ಓಡ್ತಿರೋ ಕರ್ನಲ್‌ದು ಕಾನ್ಫಿಗ್ ಫೈಲ್ (ಯಾವ್ಯಾವ ಆಯ್ಕೆ ಆನ್ ಇದೆ ಅನ್ನೋ ಪಟ್ಟಿ) ಇದ್ರೆ ಅದನ್ನೇ ಸೋರ್ಸ್ ಫೋಲ್ಡರ್‌ಗೆ ಡಾಟ್ ಕಾನ್ಫಿಗ್ ಅಂತ ಕಾಪಿ ಮಾಡಿ, ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಕೊಟ್ಟು (ಹೊಸ ಆಯ್ಕೆಗಳಿಗೆ ಡೀಫಾಲ್ಟ್ ತುಂಬುತ್ತೆ), ಆಯ್ಕೆ ಮಾಡೋ ಮೆನುಗೆ ಮೇಕ್ ಮೆನುಕಾನ್ಫಿಗ್ ತೆಗೀರಿ (ಎನ್‌ಕರ್ಸಸ್ ಡೆವಲಪ್‌ಮೆಂಟ್ ಪ್ಯಾಕೇಜ್, ಫ್ಲೆಕ್ಸ್, ಬೈಸನ್ ಇರ್ಬೇಕು). ಸೊನ್ನೆಯಿಂದ ಶುರು ಮಾಡೋ ಹುಚ್ಚು ಮೊದಲ ಸಲಕ್ಕೇ ಬೇಡ.

ಕೆಳಗಡೆ ಫೈಲ್ ಸಿಸ್ಟಮ್ಸ್ ಅಂತ ಮೆನು ಇದೆ. ವೈ ಒತ್ತಿದ್ರೆ ಸ್ಟಾರ್ ಬರುತ್ತೆ, ಅಂದ್ರೆ ಕರ್ನಲ್ ಒಳಗೇ ಸೇರ್ಕೊಳ್ಳುತ್ತೆ, ಎಂ ಒತ್ತಿದ್ರೆ ಮಾಡ್ಯೂಲ್, ಅಂದ್ರೆ ಬೇಕಾದಾಗ ಲೋಡ್ ಆಗೋ ಬೇರೆ ಫೈಲ್. ರೂಟ್ ಪಾರ್ಟಿಷನ್ (ಲಿನಕ್ಸ್ ಸಿಸ್ಟಮ್ ಇರೋದು) ಯಾವ ಫೈಲ್‌ಸಿಸ್ಟಮೋ ಅದಕ್ಕೆ ಕಣ್ಣು ಮುಚ್ಕೊಂಡು ಸ್ಟಾರ್ ಹಾಕಿ. ಯಾಕಂದ್ರೆ ಎಕ್ಸ್ಟ್4 ಮಾಡ್ಯೂಲ್ ಫೈಲ್ ಇರೋದೇ ಆ ಎಕ್ಸ್ಟ್4 ಪಾರ್ಟಿಷನ್ ಒಳಗೆ, ಬೀಗದ ಕೈನ ಬೀರು ಒಳಗೇ ಇಟ್ಟು ಬಾಗಿಲು ಹಾಕ್ದಂಗೆ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲೇ ಮೆಮೊರಿಗೆ ಬರೋ ಪುಟ್ಟ ಫೈಲ್‌ಸಿಸ್ಟಮ್, ಮಾಡ್ಯೂಲ್ ಅದರೊಳಗೆ ಇರುತ್ತೆ) ಇದ್ರೆ ಎಂ ಆದ್ರೂ ನಡೆಯುತ್ತೆ, ಇಲ್ದಿದ್ರೆ "ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್" ಅಂತ ಪ್ಯಾನಿಕ್ ಆಗಿ ನಿಂತ್ಬಿಡುತ್ತೆ. ಆ ಲೈನ್ ಕೊನೇಲಿ ಅನ್‌ನೋನ್ ಬ್ಲಾಕ್ ಪಕ್ಕ 0,0 ಅಂತಿದ್ರೆ ಸಾಮಾನ್ಯವಾಗಿ ಡಿಸ್ಕೇ ಸಿಕ್ಕಿಲ್ಲ ಅಂತ ಅರ್ಥ, ಆಗ ಫೈಲ್‌ಸಿಸ್ಟಮ್ ಬಿಟ್ಟು ಡಿವೈಸ್ ಡ್ರೈವರ್ಸ್ ಮೆನುವಲ್ಲಿ ಡಿಸ್ಕ್ ಡ್ರೈವರ್ ನೋಡಿ, ಎನ್‌ವಿಎಂಇ ಇಲ್ಲಾ (ಸಾಟಾ ಡಿಸ್ಕ್ ಆದ್ರೆ) ಎಎಚ್‌ಸಿಐ. ಬೇರೆ ನಂಬರ್ ಇದ್ರೆ ಡಿಸ್ಕ್ ಸಿಕ್ಕಿದೆ, ಫೈಲ್‌ಸಿಸ್ಟಮ್ ಮೇಲೇ ಅನುಮಾನ ಪಡಿ.

ಎಕ್ಸ್ಟ್3 ಹುಡುಕ್ತಾ ಕೂರ್ಬೇಡಿ, ಅದರ ಪ್ರತ್ಯೇಕ ಡ್ರೈವರ್ 2015ರಲ್ಲಿ 4.3 ಬಂದಾಗ್ಲೇ ಹೋಯ್ತು, ಎಕ್ಸ್ಟ್4 ಡ್ರೈವರೇ ಅದನ್ನೂ ಓದುತ್ತೆ.

ಎಲ್ರೂ ಮರೆಯೋದು ವಿಫ್ಯಾಟ್ ಜೊತೆಗಿನ ಬಾಲ. ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲ್ ಇರೋದು), ಹಳೇ ಪೆನ್‌ಡ್ರೈವ್ ಎಲ್ಲ ಇದೇ. ವಿಫ್ಯಾಟ್ ಒಂದನ್ನೇ ಆನ್ ಮಾಡಿದ್ರೆ ಸಾಲ್ದು, ಅದೇ ಮೆನು ಕೆಳಗೆ ನೇಟಿವ್ ಲ್ಯಾಂಗ್ವೇಜ್ ಸಪೋರ್ಟ್ ಒಳಗೆ ಹೋಗಿ ಕೋಡ್‌ಪೇಜ್ 437 ಮತ್ತೆ ಐಎಸ್ಒ 8859-1 (ಫೈಲ್ ಹೆಸರಿನ ಅಕ್ಷರ ಓದೋ ಪಟ್ಟಿಗಳು) ಎರಡನ್ನೂ ಹಾಕ್ಬೇಕು, ಡೀಫಾಲ್ಟ್ ಆಗಿ ಅದು ಕೇಳೋದು ಇವನ್ನೇ, ಸಿಗ್ಲಿಲ್ಲ ಅಂದ್ರೆ ಮೌಂಟೇ ಆಗಲ್ಲ, ಜನ ಪೆನ್‌ಡ್ರೈವ್ ಕೆಟ್ಟಿದೆ ಅನ್ಕೋತಾರೆ. ದೊಡ್ಡ ಎಸ್‌ಡಿ ಕಾರ್ಡ್‌ಗೆ ಎಕ್ಸ್‌ಫ್ಯಾಟ್, ವಿಂಡೋಸ್ ಡಿಸ್ಕ್‌ಗೆ 5.15ರಿಂದ ಎನ್‌ಟಿಎಫ್‌ಎಸ್3 ಇದೆ. ಇವೆರಡಕ್ಕೂ ಎಂ ಸಾಕು. ಫ್ಯೂಸ್ (ಕರ್ನಲ್ ಹೊರಗಿನ ಪ್ರೋಗ್ರಾಂ ನಡೆಸೋ ಫೈಲ್‌ಸಿಸ್ಟಮ್‌ಗೆ ಬೇಕಾಗೋದು) ಕೂಡ ಎಂ ಇರ್ಲಿ, ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರೋ ತಾತ್ಕಾಲಿಕ ಫೈಲ್‌ಸಿಸ್ಟಮ್) ಮಾತ್ರ ತೆಗೀಲೇಬೇಡಿ.

ಕಾನ್ಫಿಗ್ ಚಿಕ್ಕದು ಮಾಡೋಕೆ ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಉಪಯೋಗಿಸೋರು ಒಂದು ಹುಷಾರು: ಆ ಕ್ಷಣದಲ್ಲಿ ಲೋಡ್ ಆಗಿಲ್ಲದ ಮಾಡ್ಯೂಲನ್ನೆಲ್ಲ ಅದು ಕಿತ್ತಾಕುತ್ತೆ, ಅದಕ್ಕೇ ಪೆನ್‌ಡ್ರೈವ್, ಕಾರ್ಡ್ ಎಲ್ಲ ಚುಚ್ಚಿ ಮೌಂಟ್ ಮಾಡಿಟ್ಕೊಂಡೇ ಓಡ್ಸಿ.

ಉಳಿದಿದ್ದು ಮಾಮೂಲಿ, ಮೇಕ್, ಆಮೇಲೆ ಸುಡೋ ಹಾಕಿ ಮೇಕ್ ಮಾಡ್ಯೂಲ್ಸ್ ಅಂಡರ್‌ಸ್ಕೋರ್ ಇನ್‌ಸ್ಟಾಲ್, ಮೇಕ್ ಇನ್‌ಸ್ಟಾಲ್. ಹಳೇ ಕರ್ನಲ್ ಗ್ರಬ್ ಮೆನುವಲ್ಲಿ (ಬೂಟ್ ಆಗೋವಾಗ ಕರ್ನಲ್ ಆರಿಸೋ ಪಟ್ಟಿ) ಇರ್ಲಿ. ಬೂಟ್ ಆದ್ಮೇಲೆ ಪ್ರಾಕ್ ಒಳಗಿನ ಫೈಲ್‌ಸಿಸ್ಟಮ್ಸ್ ಫೈಲನ್ನ ಕ್ಯಾಟ್ ಮಾಡಿ ನೋಡಿ, ಎಂ ಹಾಕಿದ್ದು ಅಲ್ಲಿ ಕಾಣ್ಲಿಲ್ಲ ಅಂತ ಗಾಬರಿ ಬೇಡ, ಮಾಡ್‌ಪ್ರೋಬ್ ಕಮಾಂಡ್ ಕೊಟ್ಟೋ, ಮೌಂಟ್ ಮಾಡಿದಾಗ ತಾನಾಗೋ ಮಾಡ್ಯೂಲ್ ಲೋಡ್ ಆದ್ಮೇಲೇ ಅದು ಲಿಸ್ಟಿಗೆ ಬರೋದು.