ಒಂದೇ ತಂತಿಯಲ್ಲಿ ಜರ್ಮ್ಯಾನಿಕ್ ಫಿಬುಲಾ

ಪ್ರಾಚೀನ ಜರ್ಮ್ಯಾನಿಕ್ ಜನ ಹೊದಿಕೆಯನ್ನು ಫಿಬುಲಾದಿಂದ (ಸೇಫ್ಟಿ ಪಿನ್ನಿನಂಥ ಲೋಹದ ಪಿನ್ನು), ಅದಿಲ್ಲದಿದ್ದರೆ ಮುಳ್ಳಿನಿಂದ ಸಿಕ್ಕಿಸಿಕೊಳ್ಳುತ್ತಿದ್ದರೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಬರೆದಿದ್ದಾನೆ. ಹೆಂಗಸರ ಉಣ್ಣೆಯ ನಿಲುವಂಗಿಗೆ ಎರಡೂ ಭುಜಕ್ಕೆ ಒಂದೊಂದು ಬೇಕಾದ್ದರಿಂದ ಜೋಡಿಯಾಗಿಯೇ ಮಾಡಿ. ಎರಕದ ಬಿಲ್ಲೆಯ ಹಿಂದೆ ಪಿನ್ನು ಅಂಟಿಸಿ ಮಾರುವ ಬ್ರೋಚುಗಳು ನೋಡಲು ಚೆನ್ನ, ಆದರೆ ಉಣ್ಣೆಯ ಭಾರಕ್ಕೆ ಅಂಟು ಬಿಟ್ಟುಕೊಳ್ಳುತ್ತದೆ.

ಒಂದು ಫಿಬುಲಾಕ್ಕೆ 2 ಮಿ.ಮೀ. ದಪ್ಪದ, 30 ಸೆಂ.ಮೀ. ಉದ್ದದ ಅರ್ಧ ಗಡಸಿನ ಕಂಚು ಅಥವಾ ಹಿತ್ತಾಳೆ ತಂತಿ ಸಾಕು. ಆಭರಣ ಹೆಣೆಯುವ ಮೆತ್ತನೆಯ ತಂತಿ ಬೇಡ; ಅದರ ಸುರುಳಿಗೆ ಪುಟಿಯುವ ಗುಣವಿರುವುದಿಲ್ಲ.

ಮೊದಲು ಕೊಕ್ಕೆ, ಆಮೇಲೆ ಸೂಜಿ, ಸುರುಳಿ, ಕಮಾನು ಕೊನೆಗೆ. ಈ ಕ್ರಮ ತಪ್ಪಬಾರದು. ತಂತಿಯ ಒಂದು ತುದಿಯಿಂದ 17 ಸೆಂ.ಮೀ. ಅಳೆದು ಆ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ. ಉಳಿದ 13 ಸೆಂ.ಮೀ. ಅನ್ನು ಮಂದಗೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿ. ಕಾಯಿಸಿದ ಭಾಗ ಮೆತ್ತಗಾಗುತ್ತದೆ. ಶಾಖ ಆಚೆ ಹರಿದರೆ ಸ್ಪ್ರಿಂಗ್ ಆಗಬೇಕಾದ ಭಾಗವೂ ಸತ್ತುಹೋಗುತ್ತದೆ, ಆಮೇಲೆ ಒತ್ತಿದ ಸೂಜಿ ಒತ್ತಿದಲ್ಲೇ ನಿಲ್ಲುತ್ತದೆ. ಮೆತ್ತಗಾದ ಕಡೆಯ 3 ಸೆಂ.ಮೀ. ಅನ್ನು ಅಡಿಗಲ್ಲಿನ ಮೇಲೆ 1 ಮಿ.ಮೀ. ದಪ್ಪಕ್ಕೆ ತಟ್ಟಿ. ಗಡಸಾಗಿ ಅಂಚಿನಲ್ಲಿ ಬಿರುಕು ಕಂಡರೆ ನಿಲ್ಲಿಸಿ, ಬಿರುಕನ್ನು ಅರದಿಂದ ತೆಗೆದು, ಮತ್ತೆ ಒದ್ದೆ ಬಟ್ಟೆ ಸುತ್ತಿ ಕಾಯಿಸಿ. ತಟ್ಟಿದ ಅಂಚನ್ನು ಇಕ್ಕಳದಿಂದ ಮೇಲಕ್ಕೆ ಮಡಚಿದರೆ ಸೂಜಿ ಕೂರುವ ತೋಡು, ಅಂದರೆ ಕೊಕ್ಕೆ, ಸಿದ್ಧ.

ಇನ್ನೊಂದು ತುದಿಯ 7 ಸೆಂ.ಮೀ. ಸೂಜಿ. ಅದನ್ನು ಅರದಿಂದ ಸುತ್ತಲೂ ಸಮವಾಗಿ ಕಿರಿದಾಗಿಸಿ, 400 ಮತ್ತು 600 ನಂಬರಿನ ಉಪ್ಪುಕಾಗದದಿಂದ ಉಜ್ಜಿ. ಮೊಂಡು ತುದಿ ಉಣ್ಣೆಯ ಎಳೆಗಳ ನಡುವೆ ನುಸುಳದೆ ಅವನ್ನು ಹರಿದುಹಾಕುತ್ತದೆ.

ಈಗ ಸುರುಳಿ. 4 ಮಿ.ಮೀ. ಮೊಳೆಯನ್ನು ವೈಸ್‌ನಲ್ಲಿ ಬಿಗಿದು, ಸೂಜಿಯ ಬುಡದಿಂದ ಎಡಕ್ಕೆ ಎರಡು ಸುತ್ತು ಬಿಗಿಯಾಗಿ ಸುತ್ತಿ. ತಂತಿಯನ್ನು ಸುರುಳಿಯ ಹೊರಬದಿಯಿಂದ ಬಲತುದಿಗೆ ದಾಟಿಸಿ, ಅಲ್ಲಿಂದ ನಡುವಿನ ಕಡೆಗೆ ಇನ್ನೆರಡು ಸುತ್ತು. ತಿರುಗುವ ದಿಕ್ಕು ಕೊನೆಯವರೆಗೂ ಒಂದೇ ಇರಲಿ. ತಂತಿ ನಡುವಿಗೆ ಬಂದಲ್ಲಿಂದ ಅದನ್ನು ಮೇಲಕ್ಕೆ ಬಾಗಿಸಿ ಕಮಾನು ಮಾಡಿ.

ಸೂಜಿ ತನ್ನಷ್ಟಕ್ಕೆ ಕೊಕ್ಕೆಗಿಂತ 1 ಸೆಂ.ಮೀ. ಕೆಳಗೆ ನಿಲ್ಲಬೇಕು, ಒತ್ತಿ ಕೊಕ್ಕೆಗೆ ಸೇರಿಸಿದಾಗ ಸುರುಳಿ ಇನ್ನಷ್ಟು ಬಿಗಿಯಾಗಬೇಕು. ಸಡಿಲವೆನಿಸಿದರೆ ಸೂಜಿಯನ್ನು ಇಕ್ಕಳದಿಂದ ಬಗ್ಗಿಸಬೇಡಿ, ಬುಡದಲ್ಲಿ ಮುರಿಯುತ್ತದೆ. ಮೊಳೆಯನ್ನು ಮತ್ತೆ ಸುರುಳಿಯೊಳಗೆ ತೂರಿಸಿ ಕಾಲು ಸುತ್ತು ಬಿಗಿಮಾಡಿ. ದಪ್ಪ ಉಣ್ಣೆಗೆ ಕಮಾನಿನ ಎತ್ತರ 2 ಸೆಂ.ಮೀ. ಬೇಕು, ಮಡಿಕೆಗೆ ಜಾಗ ಸಾಲದಿದ್ದರೆ ಸೂಜಿ ಕೊಕ್ಕೆಯಿಂದ ಜಾರುತ್ತದೆ.