ಮಾತಾಡದ ಮಕ್ಕಳ ಜೊತೆ ಮಾತು ಬೆಳೆಸುವುದು ಹೇಗೆ?

ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ ಟೀಚರ್. ಈ ಕಡೆ ಹೊಸದಾಗಿ ಕೆಲಸಕ್ಕೆ ಬರುವವರು ನನ್ನನ್ನು ಜಾಸ್ತಿ ಕೇಳುವುದು ಒಂದೇ: ಮಕ್ಕಳು ಬಾಯೇ ಬಿಡಲ್ಲ, ಏನು ಮಾಡಲಿ? ನಾನು ಹೇಳುವುದು ಇಷ್ಟು. ಮಗುವಿನ ದಿನ ಹೇಗೆ ಸಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಪಾಠ ಅದರ ಹಿಂದೆಯೇ ಬರುತ್ತದೆ.

ಒಂದು ನೋಟ್‌ಬುಕ್ ಇಡಿ, ಒಬ್ಬೊಬ್ಬರಿಗೆ ಒಂದು ಪುಟ. ಮನೆಯಲ್ಲಿ ಯಾವ ಮಾತು, ಕನ್ನಡವೋ ಲಂಬಾಣಿಯೋ? ಬೆಳಗ್ಗೆ ನೀರು ತರುವವರು ಯಾರು? ಅಪ್ಪ ಅಮ್ಮ ದುಡಿಯಲು ಬೆಂಗಳೂರಿಗೆ ಹೋಗಿದ್ದರೆ ಮಗು ಅಜ್ಜಿಯ ಹತ್ತಿರ ಇದೆಯೋ, ದೊಡ್ಡಪ್ಪನ ಹತ್ತಿರವೋ? ಇದನ್ನು ತರಗತಿಯಲ್ಲಿ ನಿಲ್ಲಿಸಿ ಕೇಳಬೇಡಿ. ಬಿಸಿಯೂಟದ ಹೊತ್ತಿಗೆ ತಟ್ಟೆ ಹಿಡಿದು ಅವರ ಸಾಲಿನಲ್ಲೇ ಕೂತುಬಿಡಿ. 2002ರಲ್ಲಿ ಅಕ್ಷರ ದಾಸೋಹ, ಅಂದರೆ ಈ ಬಿಸಿಯೂಟದ ಯೋಜನೆ, ಮೊದಲು ಶುರುವಾದದ್ದು ಉತ್ತರದ ನಮ್ಮ ಈ ಜಿಲ್ಲೆಗಳಲ್ಲೇ. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ ಅನ್ನುವುದು ಇಲ್ಲಿನವರಿಗೆ ಚೆನ್ನಾಗಿ ಗೊತ್ತು. ಉಣ್ಣುವಾಗ ಮಕ್ಕಳು ತಾವಾಗಿಯೇ ಮಾತು ತೆಗೆಯುತ್ತಾರೆ. ನೀವು ಸುಮ್ನೆ ಕೇಳಿಸಿಕೊಳ್ಳಿ.

ದಸರಾ ರಜೆ ಮುಗಿದರೆ ನಮ್ಮಲ್ಲಿ ಹತ್ತಿ ಬಿಡಿಸುವ ಕಾಲ. ಕೂಲಿ ಕೆಜಿ ಲೆಕ್ಕದಲ್ಲಿ, ಹಾಗಾಗಿ ಮನೆಗೆ ಎಷ್ಟು ಕೈ ಇದ್ದರೂ ಬೇಕು. ತರಗತಿ ಅರ್ಧ ಖಾಲಿ. ವಾರ ಬಿಟ್ಟು ಬಂದ ಹುಡುಗಿಯನ್ನು "ಎಲ್ಲಿಗೆ ಹೋಗಿದ್ದೆ?" ಅಂತ ಎಲ್ಲರೆದುರು ಕೇಳಿದರೆ ಅವಳು ಮರುದಿನ ಮತ್ತೆ ಬರುವುದಿಲ್ಲ. ಅವಳ ಜಾಗ ಅವಳಿಗೇ ಇರಲಿ. ಪಕ್ಕದವಳು ನೋಟ್ಸ್ ತೋರಿಸಲಿ. ಆಮೇಲೆ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯಿರಿ: ದಿನಕ್ಕೆ ಇಷ್ಟು ಕೆಜಿ, ಕೆಜಿಗೆ ಇಷ್ಟು ರೂಪಾಯಿ, ಒಂದು ಕ್ವಿಂಟಲ್ ಆಗಲು ಎಷ್ಟು ದಿನ? ನನ್ನ ತರಗತಿಯಲ್ಲಿ ಇದಕ್ಕೆ ಮೊದಲು ಕೈ ಎತ್ತುವವರು ಹೊಲದಿಂದ ಬಂದ ಮಕ್ಕಳೇ. ಹಾಗಂತ ಹೊಲದ ಕೆಲಸವನ್ನು ಹೊಗಳಬೇಡಿ. ಆರರಿಂದ ಹದಿನಾಲ್ಕರವರೆಗೆ ಮಗು ಶಾಲೆಯಲ್ಲಿರಬೇಕು, ಅದು ಅದರ ಹಕ್ಕು. ಈ ಮಾತನ್ನು ಮಗುವಿಗಲ್ಲ, ದೊಡ್ಡವರಿಗೆ ಹೇಳಿ. ಪಾಲಕರೇ ಇರುವ ಶಾಲಾ ಸಮಿತಿ ಎಸ್‌ಡಿಎಂಸಿಯವರನ್ನೂ ಜೊತೆಗೆ ಕರೆದುಕೊಳ್ಳಿ.

ಮನೆಗೆ ಹೋಗುವುದಾದರೆ ಸಂಜೆ, ಹೊಲದಿಂದ ಜನ ಬಂದ ಮೇಲೆ. ಮೊದಲ ಸಲ ದೂರು ಒಯ್ಯಲೇಬೇಡಿ. ಮಗು ಬಿಡಿಸಿದ ಒಂದು ಲೆಕ್ಕವನ್ನೋ ಬರೆದ ಚಿತ್ರವನ್ನೋ ಕೈಯಲ್ಲಿ ಹಿಡಿದು ಹೋಗಿ. "ಟೀಚರ್ ಮನಿಗಿ ಬಂದಾರಂದ್ರ ಏನೋ ತಪ್ಪು ಮಾಡ್ಯಾಳ ಅನ್ಕೊಂಡಿದ್ದೆ ನೋಡ್ರಿ" ಅಂತ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡರು. ಆ ಮನೆಯ ಬಾಗಿಲು ಆಮೇಲೆ ನನಗೆ ಯಾವತ್ತೂ ತೆರೆದೇ ಇತ್ತು. ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ: ಭೇಟಿಯನ್ನು ಊರ ಹೊರಗಿನ ಕೇರಿಯಿಂದ, ಲಂಬಾಣಿಗರ ತಾಂಡಾದಿಂದ ಶುರು ಮಾಡಿ. ಗೌಡರ ಮನೆ ಆಮೇಲೆ. ಕೇರಿಯಲ್ಲಿ, ತಾಂಡಾದಲ್ಲಿ ಕೊಟ್ಟ ಚಹಾ ಕುಡಿಯಿರಿ. ಮರುದಿನ ಆ ಸುದ್ದಿ ನಿಮಗಿಂತ ಮೊದಲು ತರಗತಿಗೆ ಬಂದಿರುತ್ತದೆ. ಹಿಂದಿನ ಸಾಲಿನ ಮಕ್ಕಳು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಕೊಠಡಿಯೊಳಗೆ ಮಾಡಬೇಕಾದದ್ದು ಕಡಿಮೆಯೇ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸಲಿ. ಹೇಳಲು ನಾಚುವ ಮಗುವೂ ಬರೆಯುತ್ತದೆ. ತಾಂಡಾದ ಹುಡುಗ ತನ್ನ ಗೆಳೆಯನಿಗೆ ಲಂಬಾಣಿಯಲ್ಲೇ ಭಿನ್ನರಾಶಿ ವಿವರಿಸಿದರೆ ತಡೆಯಬೇಡಿ.

2020ರಲ್ಲಿ ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಅಂತ ಗುಡಿಯ ಕಟ್ಟೆ, ಬೇವಿನ ನೆರಳಿನಲ್ಲಿ ಪಾಠ ಮಾಡಿದೆವು. ಬೆಂಚಿನ ಮೇಲೆ ತಲೆ ತಗ್ಗಿಸುತ್ತಿದ್ದವರೇ ಅಲ್ಲಿ ನನಗೆ ಪ್ರಶ್ನೆ ಹಾಕುತ್ತಿದ್ದರು. ಅಂದಿನಿಂದ ಆಗಾಗ ಟೇಪು ಹಿಡಿದು ಮಕ್ಕಳನ್ನು ಹೊರಗೆ ಕರೆದೊಯ್ಯುತ್ತೇನೆ. ಕಟ್ಟೆಯ ಸುತ್ತಳತೆ, ಮೈದಾನದ ವಿಸ್ತೀರ್ಣ ಎಲ್ಲ ಅಲ್ಲೇ ಕಲಿಯುತ್ತಾರೆ.

ಇಷ್ಟು ಹತ್ತಿರವಾದ ಮೇಲೆ ಮಕ್ಕಳು ಭಾರವಾದ ಮಾತುಗಳನ್ನೂ ತರುತ್ತಾರೆ. ಮನೆಯಲ್ಲಿ ಹೊಡೆತ, ಏಳನೇ ತರಗತಿಯ ಹುಡುಗಿಗೆ ಗಂಡು ನೋಡುತ್ತಿರುವುದು. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಅನ್ನಿ. ಮುಖ್ಯ ಶಿಕ್ಷಕರಿಗೆ ತಿಳಿಸಿ, ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಸ್ಟಾಫ್ ರೂಮಿನಲ್ಲಿ ಅದರ ಚರ್ಚೆ ಬೇಡ. ಆ ಹುಡುಗಿ ಮರುದಿನ ಬಂದಾಗ ಎಂದಿನಂತೆ ಅವಳಿಗೂ ಒಂದು ಲೆಕ್ಕ ಕೊಡಿ.