ಮುಂಬಯಿಯ ಜೂನಿಯರ್ ಕಾಲೇಜಿನಿಂದ ಅಮೆರಿಕದ ವಿಶ್ವವಿದ್ಯಾಲಯಕ್ಕೆ: ಅರ್ಜಿಯ ಕೆಲಸ ಆಫೀಸಿನ ಕಿಟಕಿಯಿಂದ ಶುರು

ಹಾರ್ವರ್ಡ್, ಯೇಲ್, ಎಂಐಟಿಯಂಥ ಕಡೆ ಅರ್ಜಿ ಹಾಕುವ ಮಾತು ಬಂದರೆ ಮನೆಯವರು ಮೊದಲು ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಕೋಚಿಂಗ್ ಹುಡುಕುತ್ತಾರೆ, ಆಮೇಲೆ ಪ್ರಬಂಧ ತಿದ್ದಿಕೊಡುವವರನ್ನು. ಮಹಾರಾಷ್ಟ್ರ ಬೋರ್ಡಿನ ಮಕ್ಕಳ ಅರ್ಜಿ ಸೊರಗುವುದು ಹೆಚ್ಚಾಗಿ ಈ ಎರಡು ಕಡೆ ಅಲ್ಲ, ಕಾಲೇಜಿನ ಆಫೀಸಿನಲ್ಲಿ. ಅಮೆರಿಕದವರು 9ರಿಂದ 12ನೇ ತರಗತಿವರೆಗಿನ ನಾಲ್ಕೂ ವರ್ಷದ ಅಂಕ ಕೇಳುತ್ತಾರೆ, ಹುಡುಗನನ್ನು ಹತ್ತಿರದಿಂದ ಕಂಡ ಅಧ್ಯಾಪಕರ ಪತ್ರ ಕೇಳುತ್ತಾರೆ, ಸಂಸ್ಥೆಯ ಪರವಾಗಿ ಒಬ್ಬ ಅಧಿಕಾರಿಯ ವರದಿ ಕೇಳುತ್ತಾರೆ. ನಮ್ಮಲ್ಲಿ ಹತ್ತನೆಯದು ಮುಗಿದ ಕೂಡಲೇ ಶಾಲೆಯ ನಂಟು ಮುಗಿಯುತ್ತದೆ. ಎಫ್‌ವೈಜೆಸಿ (ಹನ್ನೊಂದನೆಯ ತರಗತಿ) ಹಂಚಿಕೆಯಲ್ಲಿ ಸಿಕ್ಕ ಕಾಲೇಜಿನಲ್ಲಿ ಇರುವುದು ಎರಡೇ ವರ್ಷ. ಅಲ್ಲಿ ಈ ವರದಿ ಬರೆಯುವ ಕೌನ್ಸಿಲರ್ ಎಂಬ ಹುದ್ದೆಯೇ ಇರುವುದಿಲ್ಲ. ದುಬಾರಿ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಈ ಕೆಲಸಕ್ಕೆಂದೇ ಸಂಬಳದ ಜನ ಇರುತ್ತಾರೆ. ಡೊಂಬಿವಲಿ, ವಡಾಲ, ಚೆಂಬೂರಿನ ಕನ್ನಡದ ಹುಡುಗಿ ಅದನ್ನು ತಾನೇ ಮಾಡಿಸಿಕೊಳ್ಳಬೇಕು. ಹಾಗಾಗಿ ಹನ್ನೊಂದಕ್ಕೆ ಸೇರಿದ ಮೊದಲ ತಿಂಗಳಲ್ಲೇ ಓಡಾಟ ಶುರುವಾಗಬೇಕು.

ಅಂಕಪಟ್ಟಿಗಳು

ಹಳೆಯ ಶಾಲೆಗೆ ಹೋಗಿ 9 ಮತ್ತು 10ನೇ ತರಗತಿಯ ವಿಷಯವಾರು ಅಂಕಗಳನ್ನು ಒಂದೇ ಹಾಳೆಯಲ್ಲಿ, ಶಾಲೆಯ ಲೆಟರ್‌ಹೆಡ್ ಮೇಲೆ, ಸಹಿ ಮೊಹರಿನೊಂದಿಗೆ ಇಸಿದುಕೊಳ್ಳಿ. ಹತ್ತನೆಯದಕ್ಕೆ ಬೋರ್ಡಿನ ಮಾರ್ಕ್‌ಶೀಟ್ ಇದೆ, ತೊಂದರೆಯಿಲ್ಲ. ಒಂಬತ್ತನೆಯದು ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಇರುತ್ತದೆ. ಗುಮಾಸ್ತರು ಬದಲಾದರೆ ಅದನ್ನು ಹುಡುಕಿ ಕೊಡುವವರು ಸಿಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರ ಪ್ರಗತಿ ಪತ್ರ ಕನ್ನಡದಲ್ಲಿರುತ್ತದೆ. ಅದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ, ಮುಖ್ಯೋಪಾಧ್ಯಾಯರಿಂದ ದೃಢೀಕರಿಸಿ, ಕನ್ನಡದ ಮೂಲದ ಪ್ರತಿಯ ಜೊತೆಗೇ ಕಳಿಸಬೇಕು. ಅನುವಾದ ಒಂದನ್ನೇ ಕಳಿಸಿದರೆ ಮೂಲ ಎಲ್ಲಿ ಎಂದು ಕೇಳುತ್ತಾರೆ.

ಅಂಕಗಳನ್ನು ಅಮೆರಿಕದ 4.0 ಅಳತೆಯ ಜಿಪಿಎಗೆ ನೀವೇ ಪರಿವರ್ತಿಸಬೇಡಿ. ಇಂಟರ್‌ನೆಟ್ಟಿನಲ್ಲಿ ಸಿಗುವ ಸೂತ್ರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಚ್‌ಎಸ್‌ಸಿ (ಹನ್ನೆರಡನೆಯ ಬೋರ್ಡ್) ಅಂಕ ಬಂದಾಗ 600ಕ್ಕೆ ಎಷ್ಟೋ ಅಷ್ಟನ್ನೇ ಕೊಡಿ. ಕಾಮನ್ ಆ್ಯಪ್ (ಹಲವು ವಿಶ್ವವಿದ್ಯಾಲಯಗಳಿಗೆ ಒಟ್ಟಿಗೆ ಅರ್ಜಿ ಹಾಕುವ ವೆಬ್‌ಸೈಟು) ಜಿಪಿಎ ಕೇಳಿದ ಕಡೆ, ರ್‍ಯಾಂಕ್ ಕೇಳಿದ ಕಡೆ, ಕಾಲೇಜು ಕೊಡದಿದ್ದರೆ ‘ಇಲ್ಲ’ ಎಂಬುದನ್ನು ಆರಿಸಿದರೆ ಸಾಕು. ಭಾರತದ ಬೋರ್ಡುಗಳ ಅಂಕ ಓದಲು ಅವರಿಗೆ ಬರುತ್ತದೆ.

ನಿಜವಾದ ಕಂಟಕ ಹನ್ನೊಂದನೆಯದು. ಅರ್ಜಿಯ ಗಡುವು ಜನವರಿ ಆರಂಭಕ್ಕೆ, ಬೋರ್ಡ್ ಪರೀಕ್ಷೆ ಫೆಬ್ರವರಿ–ಮಾರ್ಚಿನಲ್ಲಿ, ಫಲಿತಾಂಶ ಮೇ ತಿಂಗಳಲ್ಲಿ. ಅಲ್ಲಿನವರು ತೀರ್ಮಾನ ಮಾಡುವಾಗ ಅವರ ಮೇಜಿನ ಮೇಲಿರುವ ಕೊನೆಯ ಪೂರ್ತಿ ವರ್ಷ ಎಂದರೆ ಹನ್ನೊಂದನೆಯದೇ. ಇಂಟಿಗ್ರೇಟೆಡ್ ಕೋಚಿಂಗ್‌ಗೆ ಸೇರಿಕೊಂಡು, ಪಾಠವೆಲ್ಲ ಕೋಚಿಂಗ್ ಕ್ಲಾಸಿನಲ್ಲೇ ನಡೆದು, ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇರುವವರಿಗೆ ಆ ವರ್ಷದ ಅಂಕಪಟ್ಟಿ ಎಂದರೆ ಒಂದು ‘ಪಾಸ್’ ಮೊಹರು ಅಷ್ಟೆ. ಅದನ್ನು ಇಟ್ಟುಕೊಂಡು ಯೇಲ್‌ನವರು ಏನು ಅಳೆಯಬೇಕು? ಅಮೆರಿಕದ ಯೋಚನೆ ಇದ್ದರೆ ಇಂಟಿಗ್ರೇಟೆಡ್ ಬೇಡವೇ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಈಗಾಗಲೇ ಸೇರಿದ್ದರೆ ಯೂನಿಟ್ ಟೆಸ್ಟ್, ಟರ್ಮ್ ಪರೀಕ್ಷೆಗಳನ್ನು ಕಾಲೇಜಿನಲ್ಲೇ ಕೂತು ಬರೆಯಿರಿ, ಉತ್ತರ ಪತ್ರಿಕೆ ಹಿಂದಕ್ಕೆ ಕೊಟ್ಟಾಗ ಎತ್ತಿಟ್ಟುಕೊಳ್ಳಿ.

ಹನ್ನೆರಡರ ಪ್ರಿಲಿಮ್‌ನದು (ಬೋರ್ಡಿಗೆ ಮುಂಚೆ ಕಾಲೇಜೇ ನಡೆಸುವ ಪರೀಕ್ಷೆ) ಬೇರೆ ಬಗೆಯ ತೊಂದರೆ. ಮಕ್ಕಳು ಓದಲಿ ಎಂದು ಹಲವು ಕಾಲೇಜುಗಳು ಪ್ರಿಲಿಮ್ ಪತ್ರಿಕೆಯನ್ನು ಬಿಗಿಯಾಗಿ ತಿದ್ದುತ್ತವೆ. ಬೋರ್ಡಿನಲ್ಲಿ 90 ತೆಗೆಯುವವಳಿಗೆ ಇಲ್ಲಿ 70 ಬಂದಿರುತ್ತದೆ. ವರ್ಷದ ನಡುವಿನ ವರದಿಯಲ್ಲಿ ಹೋಗುವುದು ಆ 70. ಇದಕ್ಕೆ ಮದ್ದು ‘ಸ್ಕೂಲ್ ಪ್ರೊಫೈಲ್’ ಎಂಬ ಒಂದು ಪುಟ. ಕಾಲೇಜು ಯಾವ ಬೋರ್ಡಿನದು, ವಿಭಾಗದಲ್ಲಿ ಎಷ್ಟು ಮಕ್ಕಳು, ರ್‍ಯಾಂಕ್ ಕೊಡುತ್ತದೋ ಇಲ್ಲವೋ, ಕಳೆದ ವರ್ಷ ಪ್ರಿಲಿಮ್‌ನಲ್ಲಿ ಅತಿ ಹೆಚ್ಚು ಅಂಕ ಎಷ್ಟು, ಅದೇ ತಂಡ ಬೋರ್ಡಿನಲ್ಲಿ ತೆಗೆದದ್ದೆಷ್ಟು, ಇಷ್ಟೂ ಅದರಲ್ಲಿರಬೇಕು. ಕಾಲೇಜಿನಲ್ಲಿ ಇಂಥದ್ದು ತಯಾರಿಲ್ಲದಿದ್ದರೆ ಅಂಕಿಅಂಶ ಕೇಳಿ ಪಡೆದು ಕರಡು ಮಾಡಿಕೊಡಿ, ಪ್ರಿನ್ಸಿಪಾಲರು ನೋಡಿ ಸಹಿ ಹಾಕಲಿ.

ಹೆಸರು

ಎಸ್‌ಎಸ್‌ಸಿ ಮಾರ್ಕ್‌ಶೀಟಿನಲ್ಲಿ ಅಡ್ಡಹೆಸರು ಮೊದಲು, ನಂತರ ನಿಮ್ಮ ಹೆಸರು, ನಂತರ ತಂದೆಯ ಹೆಸರು. ಊರಲ್ಲಿ ಮಾಡಿಸಿದ ಜನನ ಪತ್ರದಲ್ಲಿ ಮನೆತನದ ಇನಿಶಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದ ಬೇರೊಂದು ರೂಪ. ಪೂಜಾರಿ ಎಂಬುದರ ಕೊನೆಗೆ ಒಂದರಲ್ಲಿ ‘ವೈ’, ಇನ್ನೊಂದರಲ್ಲಿ ‘ಐ’. ಕಾಮನ್ ಆ್ಯಪ್, ಎಸ್‌ಎಟಿ, ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ), ಸಿಎಸ್‌ಎಸ್ ಪ್ರೊಫೈಲ್ (ಹಣಕಾಸು ನೆರವಿನ ಅರ್ಜಿ), ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರೇ ಅಕ್ಷರ ತಪ್ಪದೆ ಇರಲಿ. ಇಲ್ಲವಾದರೆ ಕಳಿಸಿದ ಸ್ಕೋರು ನಿಮ್ಮ ಫೈಲಿಗೆ ಸೇರದೆ ಎಲ್ಲೋ ಉಳಿಯುತ್ತದೆ. ಮಾರ್ಕ್‌ಶೀಟಿನ ತಪ್ಪನ್ನು ಶಾಲೆಯ ಮೂಲಕ ವಾಶಿಯ ವಿಭಾಗೀಯ ಮಂಡಳಿಗೆ ಬರೆದು ತಿದ್ದಿಸಬೇಕು, ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅಷ್ಟರಲ್ಲಿ ಎರಡೂ ಹೆಸರು ಒಬ್ಬರದೇ ಎಂದು ಕಾಲೇಜಿನಿಂದ ಒಂದು ಪತ್ರ ಪಡೆದಿಟ್ಟುಕೊಳ್ಳಿ.

ಪತ್ರ ಬರೆಯುವವರು

ಸಾಮಾನ್ಯವಾಗಿ ಇಬ್ಬರು ಅಧ್ಯಾಪಕರು, ಹನ್ನೊಂದು–ಹನ್ನೆರಡರಲ್ಲಿ ಮುಖ್ಯ ವಿಷಯ ಕಲಿಸಿದವರು. ಎಂಐಟಿಗೆ ಒಬ್ಬರು ಗಣಿತ ಅಥವಾ ವಿಜ್ಞಾನದವರು, ಇನ್ನೊಬ್ಬರು ಭಾಷೆ ಅಥವಾ ಸಮಾಜ ವಿಜ್ಞಾನದ ಕಡೆಯವರು. ಕೌನ್ಸಿಲರ್ ಜಾಗದಲ್ಲಿ ಉಪಪ್ರಾಂಶುಪಾಲರು ಅಥವಾ ಕ್ಲಾಸ್ ಟೀಚರ್ ಆದರೂ ನಡೆಯುತ್ತದೆ. ಕಾಲೇಜಿನ ಅಧಿಕೃತ ಇಮೇಲ್ ಇದ್ದರೆ ಅದರಿಂದಲೇ ಕಳಿಸಲಿ. ಜಿಮೇಲ್ ಮಾತ್ರ ಇದ್ದರೆ ಪತ್ರ ಲೆಟರ್‌ಹೆಡ್ ಮೇಲಿರಲಿ, ಹುದ್ದೆ, ಫೋನ್ ನಂಬರು ಇರಲಿ.

ನಮ್ಮ ಅಧ್ಯಾಪಕರು ಬರೆದು ರೂಢಿಯಾಗಿರುವುದು ನಡತೆ ಪ್ರಮಾಣಪತ್ರ: ‘ಶ್ರಮಜೀವಿ, ವಿನಯವಂತೆ, ಉಜ್ವಲ ಭವಿಷ್ಯ ಹಾರೈಸುತ್ತೇನೆ.’ ಇದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಅವರಿಗೆ ಬೇಕಾದದ್ದು ಒಂದು ಘಟನೆ: ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಎಲ್ಲರ ಟೈಟ್ರೇಶನ್ ಉತ್ತರ ಒಂದೇ ಬಂದಾಗ ಇವಳದು ಬೇರೆ ಬಂತು, ಇವಳು ಬ್ಯುರೆಟ್ ಸೋರುತ್ತಿದೆ ಎಂದು ತೋರಿಸಿದಳು, ಎಂಬಂಥದ್ದು. ಜೂನ್‌ನಲ್ಲೇ ಅಧ್ಯಾಪಕರನ್ನು ಕೇಳಿ, ಅವರ ತರಗತಿಯಲ್ಲಿ ನಡೆದ ಇಂಥ ಮೂರ್ನಾಲ್ಕು ಸಂಗತಿಗಳನ್ನು ಒಂದು ಹಾಳೆಯಲ್ಲಿ ನೆನಪಿಸಿ ಕೊಡಿ. ‘ನೀನೇ ಬರೆದು ತಾ, ಸಹಿ ಹಾಕ್ತೀನಿ’ ಎಂದರೆ ಒಪ್ಪಬೇಡಿ. ಇಬ್ಬರು ಅಧ್ಯಾಪಕರ ಪತ್ರ ಮತ್ತು ನಿಮ್ಮ ಪ್ರಬಂಧ ಒಂದೇ ಕೈಬರಹದಂತೆ ಓದಿಸಿಕೊಂಡರೆ ಮೂರೂ ಹೋಗುತ್ತವೆ. ಪತ್ರಗಳನ್ನು ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಕಾಮನ್ ಆ್ಯಪ್ ಕೇಳುತ್ತದೆ, ಹೌದು ಎನ್ನಿ. ನೋಡದೆ ಬರೆಸಿದ ಪತ್ರಕ್ಕೇ ಬೆಲೆ.

ಚಟುವಟಿಕೆ, ಪ್ರಬಂಧ, ಪರೀಕ್ಷೆ

ಕಾಮನ್ ಆ್ಯಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ಹೊಸದಾಗಿ ತೆರೆಯುತ್ತದೆ. ಚಟುವಟಿಕೆಗೆ 10 ಸ್ಥಾನ, ಒಂದೊಂದರ ವಿವರಣೆಗೆ 150 ಅಕ್ಷರ, ಖಾಲಿ ಜಾಗವೂ ಸೇರಿ. ಹತ್ತೂ ತುಂಬಲೇಬೇಕೆಂದಿಲ್ಲ. ಸರ್ಟಿಫಿಕೇಟ್ ಇದ್ದದ್ದು ಮಾತ್ರ ಲೆಕ್ಕ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಸಂಜೆ ಅಪ್ಪನ ಹೊಟೇಲಿನ ಗಲ್ಲಾದಲ್ಲಿ ಕೂರುವುದು, ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು, ತಮ್ಮನಿಗೆ ಪಾಠ ಹೇಳುವುದು: ಇವಕ್ಕೆಂದೇ ‘ಕೆಲಸ’, ‘ಕುಟುಂಬದ ಹೊಣೆ’ ಎಂಬ ವರ್ಗಗಳಿವೆ. ಬರೆಯುವಾಗ ಕ್ರಿಯೆ ಮತ್ತು ಅಳತೆ ಇರಲಿ. ‘ಯಕ್ಷಗಾನದಲ್ಲಿ ಆಸಕ್ತಿ, ಹಲವು ಪ್ರದರ್ಶನ ನೀಡಿದ್ದೇನೆ’ ಎಂಬುದು ಜಾಗ ಹಾಳು. ‘ಬಡಗುತಿಟ್ಟಿನ ಹೆಜ್ಜೆ ಕಲಿಕೆ, 5 ವರ್ಷ; ಮಾಟುಂಗದಲ್ಲಿ 3 ಪ್ರಸಂಗ; 8 ಕಿರಿಯರಿಗೆ ತಾಳ ಪಾಠ; ವೇಷದ ಪೆಟ್ಟಿಗೆಯ ಲೆಕ್ಕ ನನ್ನದು’ ಎಂದರೆ ಒಬ್ಬ ಮನುಷ್ಯ ಕಾಣುತ್ತಾನೆ.

ಮುಖ್ಯ ಪ್ರಬಂಧಕ್ಕೆ ಮಿತಿ 650 ಪದ. ಅದರ ಜೊತೆಗೆ ಹಲವು ವಿಶ್ವವಿದ್ಯಾಲಯಗಳು ತಮ್ಮದೇ ಸಣ್ಣ ಪ್ರಶ್ನೆಗಳನ್ನು ಇಡುತ್ತವೆ, ಸಮಯ ತಿನ್ನುವುದು ಅವು. ಆದ್ದರಿಂದ 20 ಕಡೆ ಹಾಕಲು ಅವಕಾಶವಿದ್ದರೂ 8–10ಕ್ಕೆ ನಿಲ್ಲಿಸಿ. ಎಐ ಬರೆದುಕೊಟ್ಟದ್ದನ್ನು ತನ್ನದೆಂದು ಕೊಡುವುದನ್ನು ಕಾಮನ್ ಆ್ಯಪ್ ವಂಚನೆ ಎಂದೇ ಪರಿಗಣಿಸುತ್ತದೆ.

ಎಸ್‌ಎಟಿ 1600 ಅಂಕದ್ದು, 2 ಗಂಟೆ 14 ನಿಮಿಷ, ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ. ಎಂಐಟಿ, ಹಾರ್ವರ್ಡ್, ಬ್ರೌನ್, ಡಾರ್ಟ್‌ಮತ್, ಕ್ಯಾಲ್‌ಟೆಕ್‌ಗಳಲ್ಲಿ ಪರೀಕ್ಷೆ ಈಗ ಮತ್ತೆ ಕಡ್ಡಾಯ, ಕೊಲಂಬಿಯಾದಲ್ಲಿ ಐಚ್ಛಿಕ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳು ನೋಡುವುದೇ ಇಲ್ಲ. ಮುಂಬಯಿಯ ಕೇಂದ್ರಗಳು ಬೇಗ ಭರ್ತಿಯಾಗುತ್ತವೆ, ಆಗಸ್ಟ್ ಪರೀಕ್ಷೆಗೆ ಬೇಸಿಗೆಯಲ್ಲೇ ಹೆಸರು ನೋಂದಾಯಿಸಿ. ಹತ್ತರವರೆಗೆ ಕನ್ನಡ ಮಾಧ್ಯಮವಿದ್ದವರು ಐಇಎಲ್‌ಟಿಎಸ್ ಅಥವಾ ಟೋಫೆಲ್ ಬರೆಯುವುದೇ ಒಳ್ಳೆಯದು. ಎರಡೇ ವರ್ಷದ ಇಂಗ್ಲಿಷ್ ಮಾಧ್ಯಮಕ್ಕೆ ವಿನಾಯಿತಿ ಸಿಗುವುದು ಕಷ್ಟ.

ಗಡುವು

ಬೇಗನೆಯ ಸುತ್ತು ಸಾಮಾನ್ಯವಾಗಿ ನವೆಂಬರ್ 1ಕ್ಕೆ, ಫಲಿತಾಂಶ ಡಿಸೆಂಬರ್ ಮಧ್ಯಕ್ಕೆ. ಮಾಮೂಲಿ ಸುತ್ತು ಜನವರಿ ಮೊದಲ ವಾರದ ಆಸುಪಾಸು, ಉತ್ತರ ಮಾರ್ಚ್ ಕೊನೆಗೆ. ‘ಅರ್ಲಿ ಡಿಸಿಷನ್’ ಎಂದರೆ ಸೀಟು ಕೊಟ್ಟರೆ ಬಂದೇ ಬರುತ್ತೇನೆ ಎಂಬ ಕರಾರು. ಒಂದೇ ಕಡೆ ಹಾಕಬಹುದು, ಹೆತ್ತವರೂ ಕಾಲೇಜಿನವರೂ ಸಹಿ ಹಾಕಬೇಕು. ಬಹಳ ಜನ ಎಡವುವುದು ಗಂಟೆಯ ಲೆಕ್ಕದಲ್ಲಿ. ಕಾಮನ್ ಆ್ಯಪ್‌ನ ಗಡುವು ಅರ್ಜಿದಾರರು ಇರುವ ಊರಿನ ರಾತ್ರಿ 11:59. ಅಮೆರಿಕದಲ್ಲಿ ಇನ್ನೂ ಮಧ್ಯಾಹ್ನ, ನಮಗೆ ಹತ್ತು ಗಂಟೆ ಹೆಚ್ಚಿದೆ ಎಂದು ಕೂತರೆ ಬಾಗಿಲು ಮುಚ್ಚಿರುತ್ತದೆ. ದೀಪಾವಳಿ ರಜೆ ಅಕ್ಟೋಬರ್–ನವೆಂಬರಿನಲ್ಲೇ ಬೀಳುತ್ತದೆ, ಕಾಲೇಜಿನ ಆಫೀಸು ಮುಚ್ಚಿರುತ್ತದೆ; ವರದಿ, ಮೊಹರುಗಳು ದಸರೆಯೊಳಗೆ ಮುಗಿದಿರಲಿ.

ಹಣ

ಹೆಸರುವಾಸಿ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಹಲವು ಕಡೆ ಊಟ, ವಸತಿ ಸೇರಿ ವರ್ಷದ ವೆಚ್ಚ 90,000 ಡಾಲರ್ ದಾಟಿದೆ. ಇದನ್ನು ನೋಡಿಯೇ ಕೈಬಿಡಬೇಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್‌ಹರ್ಸ್ಟ್, ಬೌಡನ್ ಮುಂತಾದ ಕಡೆ ಪ್ರಥಮ ವರ್ಷದ ಪ್ರವೇಶಕ್ಕೆ ವಿದೇಶಿ ವಿದ್ಯಾರ್ಥಿಯ ಹಣಕಾಸು ಸ್ಥಿತಿಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ, ಸೇರಿಸಿಕೊಂಡ ಮೇಲೆ ಕೊರತೆಯಷ್ಟನ್ನೂ ತುಂಬುತ್ತಾರೆ. ಉಳಿದ ಬಹಳಷ್ಟು ಕಡೆ ನೆರವು ಕೇಳಿದರೆ ಆಯ್ಕೆ ಬಿಗಿಯಾಗುತ್ತದೆ. ಆ ಭಯಕ್ಕೆ ‘ಬೇಡ’ ಎಂದು ಗುರುತು ಹಾಕಿ ಸೀಟು ಬಂದ ಮೇಲೆ ಕೇಳಬಹುದು ಎಂದುಕೊಂಡರೆ ಹಲವು ಕಡೆ ನಾಲ್ಕು ವರ್ಷವೂ ಬಾಗಿಲು ತೆರೆಯುವುದಿಲ್ಲ.

ನೆರವಿನ ಅರ್ಜಿ ಹೆಚ್ಚಾಗಿ ಸಿಎಸ್‌ಎಸ್ ಪ್ರೊಫೈಲ್. ಸಂಬಳದವರಿಗೆ ಫಾರ್ಮ್ 16, ಐಟಿಆರ್ ಇದ್ದರೆ ಸುಲಭ. ಹೊಟೇಲು, ಕ್ಯಾಂಟೀನು, ಅಂಗಡಿ ಇರುವ ಮನೆಗಳು ಇಲ್ಲಿ ಎಚ್ಚರ ವಹಿಸಬೇಕು. ಪಾಲುದಾರಿಕೆಯಾದರೆ ನಿಮ್ಮ ಪಾಲು ಶೇಕಡಾ ಎಷ್ಟು ಎಂಬುದು ಡೀಡ್ ಪ್ರಕಾರ ಬರೆಯಿರಿ, ಲಾಭ–ನಷ್ಟ ಪಟ್ಟಿ ಸಿದ್ಧವಿರಲಿ. ಐಟಿಆರ್‌ನಲ್ಲಿ 6 ಲಕ್ಷ ತೋರಿಸಿ, ಖರ್ಚಿನ ಅಂಕಣದಲ್ಲಿ ಶಾಲಾ ಫೀ, ಕಂತು ಎಲ್ಲ ಸೇರಿ 11 ಲಕ್ಷ ಬರೆದರೆ ಮಿಕ್ಕ 5 ಲಕ್ಷ ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕಪ್ಪ ಕೊಡುತ್ತಾರೆ ಎಂದಾದರೆ ಹಾಗೆಂದೇ ಬರೆಯಿರಿ.

ಊರಿನ ಆಸ್ತಿಯನ್ನು ಮುಚ್ಚಿಡಬೇಡಿ, ಉಬ್ಬಿಸಲೂಬೇಡಿ. ಕುಂದಾಪುರದ ಕಡೆ ಕುಟುಂಬದ ಮನೆ, ನಾಲ್ಕು ಎಕರೆ ಅಡಿಕೆ ತೋಟ ಇದೆ, ಪಹಣಿಯಲ್ಲಿ ಒಂಬತ್ತು ಜನರ ಹೆಸರಿದೆ ಎಂದಿಟ್ಟುಕೊಳ್ಳಿ. ಇಡೀ ತೋಟದ ಬೆಲೆ ಬರೆದರೆ ನೀವು ಶ್ರೀಮಂತರಾಗಿ ಕಾಣುತ್ತೀರಿ, ಬಿಟ್ಟರೆ ಸುಳ್ಳು. ನಿಮ್ಮ ತಂದೆ ಅಥವಾ ತಾಯಿಯ ಪಾಲಿನ ಬೆಲೆ ಮಾತ್ರ ಹಾಕಿ. ವಿಶೇಷ ಸಂದರ್ಭಗಳ ಅಂಕಣದಲ್ಲಿ ಆಸ್ತಿ ಪಾಲಾಗಿಲ್ಲ, ಎಲ್ಲರ ಒಪ್ಪಿಗೆಯಿಲ್ಲದೆ ಮಾರಲಾಗದು, ಅದರಿಂದ ವರ್ಷಕ್ಕೆ ಕೈಗೆ ಬರುವುದಿಷ್ಟು ಎಂದು ವಿವರಿಸಿ, ಪಹಣಿಯ ಇಂಗ್ಲಿಷ್ ಅನುವಾದ ಜೊತೆಗಿಡಿ.

ಇಲ್ಲಿ ಪದವಿಗೆ ಸೇರಿದ ಮೇಲೆ

ಎಂಎಚ್‌ಟಿ–ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಬರೆದು ಇಲ್ಲಿಯೂ ಒಂದು ದಾರಿ ಇಟ್ಟುಕೊಳ್ಳುವುದು ಸರಿ. ಆದರೆ ಒಂದು ವರ್ಷ ಬಿಟ್ಟು ಮತ್ತೆ ಅಮೆರಿಕಕ್ಕೆ ಹಾಕುತ್ತೇನೆ ಎನ್ನುವವರು ‘ಸುಮ್ಮನೆ ಇರಲಿ’ ಎಂದು ಎಫ್‌ವೈಬಿಎಸ್‌ಸಿಗೆ (ಬಿಎಸ್‌ಸಿ ಮೊದಲ ವರ್ಷಕ್ಕೆ) ಸೇರುವ ಮುನ್ನ ಯೋಚಿಸಬೇಕು. ಪೂರ್ಣಾವಧಿ ಪದವಿಗೆ ಸೇರಿದವರನ್ನು ಹಲವು ವಿಶ್ವವಿದ್ಯಾಲಯಗಳು ಹೊಸ ವಿದ್ಯಾರ್ಥಿ ಎಂದು ಒಪ್ಪುವುದಿಲ್ಲ, ವರ್ಗಾವಣೆಯ ಸಾಲಿಗೆ ಹಾಕುತ್ತವೆ. ಆ ಸಾಲು ಇನ್ನೂ ಕಿರಿದು: ಹಾರ್ವರ್ಡ್ ವರ್ಷಕ್ಕೆ ಸುಮಾರು 12 ಜನರನ್ನಷ್ಟೇ ಹೀಗೆ ತೆಗೆದುಕೊಳ್ಳುತ್ತದೆ, ಕಾರ್ನೆಲ್ ನೂರಾರು ಜನರನ್ನು. ಸೇರಿದ್ದನ್ನು ಮುಚ್ಚಿಟ್ಟು ಅರ್ಜಿ ಹಾಕಿದರೆ, ಮುಂದೆ ಗೊತ್ತಾದಾಗ ಸೀಟೇ ರದ್ದಾಗಬಹುದು.

ವರ್ಗಾವಣೆಗೆ ಕನಿಷ್ಠ ಒಂದು ವರ್ಷದ ಕಾಲೇಜು ಆಗಿರಬೇಕು ಎಂಬುದು ಹಾರ್ವರ್ಡ್‌ನ ನಿಯಮ, ಎರಡು ವರ್ಷ ಮೀರಿರಬಾರದು ಎಂಬುದೂ. ಹಾರ್ವರ್ಡ್, ಯೇಲ್‌ಗಳ ಗಡುವು ಮಾರ್ಚ್ 1. ಹೊಸ ವಿದ್ಯಾರ್ಥಿಗೆ ಇರುವ ನೆರವಿನ ನಿಯಮವೇ ಇಲ್ಲಿಯೂ ಇದೆ ಎಂದು ಊಹಿಸಬೇಡಿ, ಪ್ರತಿ ಕಡೆಯದನ್ನೂ ಬೇರೆಯಾಗಿ ಓದಿ. ಶಾಲೆಯ ಹಳೆಯ ಅಂಕಪಟ್ಟಿಗಳೆಲ್ಲ ಮತ್ತೆ ಬೇಕು. ಅದರ ಮೇಲೆ ಕಾಲೇಜಿನ ಅಧಿಕಾರಿಯ ವರದಿ, ಈಗಿನ ಸೆಮಿಸ್ಟರಿನ ನಡುವಿನ ಅಂಕ, ಪದವಿ ಅಧ್ಯಾಪಕರ ಪತ್ರ. ಸೆಮಿಸ್ಟರ್ ಫಲಿತಾಂಶ ಗಡುವಿನೊಳಗೆ ಬರದಿದ್ದರೆ ಆಂತರಿಕ ಪರೀಕ್ಷೆಯ ಅಂಕಗಳನ್ನು ಲೆಟರ್‌ಹೆಡ್ ಮೇಲೆ ಬರೆಸಿ, ಫಲಿತಾಂಶ ಬಾಕಿಯಿದೆ ಎಂಬ ಸಾಲಿನೊಂದಿಗೆ ಕಳಿಸಿ. ಮುಗಿಸಿದ ಪ್ರತಿ ವಿಷಯದ ಸಿಲೆಬಸ್, ವಾರಕ್ಕೆ ಎಷ್ಟು ಪಾಠ, ಎಷ್ಟು ಪ್ರಾಕ್ಟಿಕಲ್, ಯಾವ ಪಠ್ಯಪುಸ್ತಕ ಎಂಬುದನ್ನು ಆ ವರ್ಷವೇ ಪಿಡಿಎಫ್ ಮಾಡಿ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿಡಿ. ಯಾವ ಕೋರ್ಸಿಗೆ ಕ್ರೆಡಿಟ್ ಕೊಡಬೇಕು ಎಂದು ಅಲ್ಲಿನವರು ನಿರ್ಧರಿಸುವುದು ಅದನ್ನು ನೋಡಿಯೇ, ಸಿಲೆಬಸ್ ಬದಲಾದ ಮೇಲೆ ಹಳೆಯದು ವೆಬ್‌ಸೈಟಿನಲ್ಲಿ ಸಿಗದೆ ಹೋಗಬಹುದು.